‘ಆತು’ ಅಂದವನನ್ನು ಗುಡ್ಡ ಹತ್ತಿಸಬೇಡಿ

ಮೂವತ್ತೆರಡಕ್ಕೆ ರಿಟೈರ್ ಆದವನು ನಾನು. ನಗುವವರು ಈಗಲೇ ನಕ್ಕು ಮುಗಿಸಿ. ಗುಡ್ಡದ ಸೈಕಲ್ ರೇಸಿಗೆ ಹುಡುಗರನ್ನು ತಯಾರು ಮಾಡುವ ಕೆಲಸದಲ್ಲಿ ಪಿಂಚಣಿ ಇಲ್ಲ, ಶಾಲು ಹೊದೆಸಿ ಕಳಿಸುವವರೂ ಇಲ್ಲ. ಹೆಗಲಿನ ಮೂಳೆ ಎರಡು ಸಲ ಮುರಿದಿದೆ. ಮಳೆಗಾಲ ಬಂದರೆ ಬಲಗೈ ಮೇಲೆತ್ತಲು ಆಗುವುದಿಲ್ಲ. ಆದರೆ ನಾನು ಬಿಟ್ಟಿದ್ದು ಹೆಗಲಿನಿಂದಲ್ಲ, ನಾಗೇಶನ ಸಲುವಾಗಿ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದು ಬೇಡ ಎಂದೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಹೊನ್ನಾವರದಲ್ಲಿ ಸೈಕಲ್ ರಿಪೇರಿ ಅಂಗಡಿ ಇದೆ. ಈಗ ಕುಮಟಾ, ಹೊನ್ನಾವರ, ಭಟ್ಕಳ ಎಲ್ಲ ಕಡೆ ಹೊಸ ಹುಡುಗರು ಟೀ ಶರ್ಟಿನ ಬೆನ್ನಿಗೆ ‘ಕೋಚ್’ ಅಂತ ಬರೆಸಿಕೊಂಡು ಓಡಾಡುತ್ತಿದ್ದಾರೆ. ಅವರಲ್ಲಿ ಇಬ್ಬರು ಅಂಗಡಿಗೆ ಬಂದು, “ಮಂಜಣ್ಣ, ನಮ್ಗೂ ಸ್ವಲ್ಪ ಟಿಪ್ಸ್ ಕೊಡು” ಅಂದರು. ಟಿಪ್ಸ್ ಕೊಡುವುದು ಹೋಟೆಲಿನಲ್ಲಿ. ನಾನು ಕೊಡುವುದು ಇದು. ಓದಿ, ಆಮೇಲೆ ಬೇಕಾದರೆ ಶರ್ಟು ಹೊಲಿಸಿಕೊಳ್ಳಿ.

ನಾನು ಕೆಲಸ ಮಾಡಿದ್ದು ಕುಮಟೆಯ ಒಂದು ಸೈಕಲ್ ಕ್ಲಬ್ಬಿನಲ್ಲಿ. ಅದನ್ನು ಕಟ್ಟಿದವರು ಪ್ರಭಾಕರ ಸರ್. ಹಾರ್ಡ್‌ವೇರ್ ಅಂಗಡಿ, ಒಂದು ಜೀಪು, ಕೊರಳಲ್ಲಿ ಸೀಟಿ. ಕಾಲೇಜಿನಲ್ಲಿ ಓಟಗಾರರಾಗಿದ್ದರಂತೆ. ಸೈಕಲ್ ಹತ್ತಿದ್ದನ್ನು ನಾನಂತೂ ನೋಡಿಲ್ಲ. ಚೈನು ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಸಮುದ್ರದ ಗಾಳಿಗೆ ನಮ್ಮಲ್ಲಿ ಚೈನು ವಾರದೊಳಗೆ ಕೆಂಪಾಗುತ್ತದೆ. ಹುಡುಗರಿಗೆ ಬ್ರೇಕು ಹಿಡಿಯುವುದು, ಗೇರು ಹಾಕುವುದು, ಬೀಳುವುದು ಕಲಿಸುವುದೂ ನನ್ನ ಕೆಲಸವೇ. ಹೌದು, ಬೀಳುವುದನ್ನೂ ಕಲಿಸಬೇಕು. ಮಳೆಗಾಲದಲ್ಲಿ ಚಿರೆಕಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕು ಮುಟ್ಟಿದರೆ ಹಲ್ಲು ಹೋಯಿತು ಅಂತ ತಿಳಿದುಕೊಳ್ಳಿ.

ಬರುವವರೆಲ್ಲ ಹವ್ಯಾಸಿಗಳು. ಹವ್ಯಾಸಿ ಅಂದರೆ ಭಾನುವಾರ ಗುಡ್ಡ ಹತ್ತಿ ಸೋಮವಾರ ಕೆಲಸಕ್ಕೆ ಹೋಗಬೇಕಾದವನು. ಅವನ ಕಾಲು ಸೈಕಲ್ಲಿಗಿಂತ ಮೊದಲು ಅವನ ಕೆಲಸಕ್ಕೆ ಬೇಕು. ಇಷ್ಟು ಸಣ್ಣ ಮಾತು ಪ್ರಭಾಕರ ಸರ್ ತಲೆಗೆ ಕೊನೆಯವರೆಗೂ ಹೋಗಲಿಲ್ಲ. ಅವರ ಫೋನಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಒಂದು ಪ್ಲಾನು ಇತ್ತು. ಚಳಿ ದೇಶದವರದು. ಬೆಳಿಗ್ಗೆ ಸೈಕಲ್ ಹೊಡೆದು, ತಿಂದು, ಮಲಗಿ, ಸಂಜೆ ಮತ್ತೆ ಹೊಡೆಯುವವರದು. ಅದನ್ನು ತಂದು ಹಗಲಿಡೀ ಮೈ ಬೆವರಿಳಿಸಿ ದುಡಿದು ಬಂದವರ ಮೇಲೆ ಹೇರಿದರು.

ಆ ಪ್ಲಾನಿನ ಒಂದು ಕಥೆ ಹೇಳುತ್ತೇನೆ. ಅದರಲ್ಲಿ ಮಂಗಳವಾರ ಅಂದರೆ ವೇಗ ಪರೀಕ್ಷೆ. ಸರ್ ಜಾಗವನ್ನೂ ಹೇಳಿಬಿಟ್ಟರು, ಇಡಗುಂಜಿ ರಸ್ತೆ. ಆ ಮಂಗಳವಾರ ಸಂಕಷ್ಟಿ. ಮಂಗಳವಾರ ಸಂಕಷ್ಟಿ ಬಿದ್ದರೆ ಇಡಗುಂಜಿ ಗಣಪತಿಗೆ ಹೋಗುವ ಜನರಿಂದ ಆ ರಸ್ತೆ ಹ್ಯಾಗಿರುತ್ತದೆ ಅಂತ ಈ ಕಡೆ ಹುಟ್ಟಿದವರಿಗೆ ಹೇಳಬೇಕಾಗಿಲ್ಲ.

“ಸರ್, ಇವತ್ತು ಅಂಗಾರಕ ಸಂಕಷ್ಟಿ” ಅಂದೆ.

“ಪ್ಲಾನಲ್ಲಿ ಮಂಗಳವಾರ ಅಂತ ಇದೆ ಮಾರಾಯ. ಗಣಪತಿಗೆ ಕೇಳಿ ಬರ್ದದ್ದಲ್ಲ ಅದು.”

ಸಂತೆಗುಳಿಯ ಭಟ್ರು ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಿರಿಯರು. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಸ್ವಲ್ಪ ಇದೆ, ಹಟ ಬೇಕಾದಷ್ಟು ಇದೆ. ಅವರು ವೇಗವಾಗಿ ಬಂದು ತಿರುವಿನಲ್ಲಿ ಒಂದು ಹೆಂಗಸಿನ ಗರಿಕೆ ಬುಟ್ಟಿಗೆ ನೇರ ನುಗ್ಗಿದರು. ಗರಿಕೆಯ ಮೇಲೆ ಬಿದ್ದದ್ದರಿಂದ ಮೂಳೆ ಉಳಿಯಿತು. ಆ ಹೆಂಗಸು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಭಟ್ರು ಕಿವಿಯಿಂದ ಗರಿಕೆ ತೆಗೆಯುತ್ತ, “ಇಷ್ಟು ಗರಿಕೆ ಗಣಪತಿಗೂ ಯಾರೂ ಏರ್ಸಿದ್ವಿಲ್ಲೆ ಮಾರಾಯ” ಅಂದರು. ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಸಮಯ ಹಾಳಾಯಿತು ಅಂತ ಸೀಟಿ ಊದಿದರು.

ನನ್ನ ಪದ್ಧತಿ ಬೇರೆ ಇತ್ತು. ಅದನ್ನು ಪದ್ಧತಿ ಅಂತ ಕರೆಯಲು ನನಗೇ ನಾಚಿಕೆ, ಆದರೂ ಕೇಳಿ. ಏರಿನಲ್ಲಿ ಪಕ್ಕಕ್ಕೆ ಸೈಕಲ್ ತಂದು, “ಇವತ್ತು ಎಂತ ಮೀನು?” ಅಂತ ಕೇಳುವುದು. ಅಷ್ಟೇ. ಬೆಳಿಗ್ಗೆ ಮನೆಯಲ್ಲಿ ಎಂತ ಮೀನು ತಂದರು, ಎಂತ ಮಾಡಿದರು ಅಂತ ಹುಡುಗ ಪೂರಾ ಹೇಳಿದರೆ ಅವನ ಉಸಿರು ಸರಿ ಇದೆ, ಈ ವೇಗದಲ್ಲಿ ಎಷ್ಟು ಹೊತ್ತಾದರೂ ಹೋಗಬಹುದು. “ಬಂಗಡೆ” ಅಂತ ಒಂದೇ ಮಾತು ಬಂದರೆ ಜೋರಾಯಿತು. ಮಾತೇ ಬರದಿದ್ದರೆ ಇಳಿಸಿ ನೆರಳಿಗೆ ಕೂರಿಸಬೇಕು. ಹೆಚ್ಚಿನ ದಿನ ಪೂರಾ ಮೀನಿನ ಕಥೆ ಹೇಳುವ ವೇಗದಲ್ಲೇ ಹೋಗಬೇಕು. ವಾರಕ್ಕೆ ಒಮ್ಮೆ ಮಾತ್ರ ‘ಬಂಗಡೆ’ ವೇಗ. ಭಟ್ರಿಗೂ ಇದನ್ನೇ ಕೇಳುತ್ತಿದ್ದೆ. “ಇವತ್ತು ಒಂದೆಲಗದ ಮೀನು. ತಂಬುಳಿ ಮಾಡಿದ್ದು. ಮುಳ್ಳು ಇಲ್ಲೆ” ಅನ್ನುತ್ತಿದ್ದರು. ಅಷ್ಟು ಹೇಳಿದರೆ ಅವರ ಎದೆ ಸರಿ ಇದೆ ಅಂತ ಅರ್ಥ.

ಸರ್‌ಗೆ ಇದು ತಮಾಷೆ. “ಮಂಜು ಕೋಚಿಂಗ್ ಮಾಡ್ತ್ನೋ, ಮೀನು ವ್ಯಾಪಾರ ಮಾಡ್ತ್ನೋ?” ಅಂತ ಎಲ್ಲರೆದುರು ಕೇಳುತ್ತಿದ್ದರು.

ಇಮ್ತಿಯಾಜ್ ಭಟ್ಕಳದವನು. ಬಟ್ಟೆ ಅಂಗಡಿ. ಅವನ ವಿಷಯ ಹೇಳಲೇಬೇಕು, ಯಾಕೆಂದರೆ ಅವನ ಒಂದು ಮಾತು ನಮ್ಮ ಹುಡುಗರ ಬಾಯಲ್ಲಿ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸಾಕಾದಾಗ ಅವನು ಸೈಕಲ್ಲಿಂದ ಇಳಿದು “ಬಸ್” ಅನ್ನುತ್ತಿದ್ದ. ಬಸ್ ಅಂದರೆ ಬಸ್. ಆಮೇಲೆ ದೇವರು ಬಂದರೂ ಅವನು ಹತ್ತುವುದಿಲ್ಲ.

“ಯಾವ ಬಸ್ಸಾ? ಕುಮಟಾ ಬಸ್ಸಾ, ಭಟ್ಕಳ ಬಸ್ಸಾ?” ಅಂತ ಸರ್ ಕಾಲೆಳೆಯುತ್ತಿದ್ದರು.

“ಯಾವ್ದಾದ್ರೂ ಆಗ್ಲಿ ಸರ್, ಸೀಟು ಸಿಕ್ಕಿದ್ರೆ ಸಾಕು” ಅಂತ ಅವನು ಕಲ್ಲಿನ ಮೇಲೆ ಕೂತುಬಿಡುತ್ತಿದ್ದ.

ರಂಜಾನಿನಲ್ಲಿ ಉಪವಾಸ ಇಟ್ಟುಕೊಂಡು ಅವನು ನಿಧಾನ ಸವಾರಿ ಮಾತ್ರ ಮಾಡುತ್ತಿದ್ದ. ನಾನೇ ಹಾಗೆ ಹೇಳಿದ್ದೆ. ಸರ್ ಅದನ್ನು ಸೋಮಾರಿತನ ಅಂದರು. ಅವರ ಪ್ರಕಾರ ಒಳ್ಳೆಯ ಹುಡುಗ ಅಂದರೆ ಇಲ್ಲ ಅನ್ನದವನು. “ನಾಗೇಶನ್ನ ನೋಡಿ ಕಲೀರಿ. ಒಂದಿನ ಆಗೂದಿಲ್ಲ ಅಂದವ ಅಲ್ಲ ಅಂವ.”

ನಾಗೇಶ ಹೊನ್ನಾವರದ ಪಕ್ಕದ ಕಾಸರಕೋಡದವನು. ಬೋಟಿನಲ್ಲಿ ಬಲೆ ಎಳೆಯುವ ಕೆಲಸ. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಬಂದ್. ಬೋಟು ದಡದಲ್ಲಿ, ಹುಡುಗರು ಮನೆಯಲ್ಲಿ. ಒಂದು ಬಂದ್‌ನಲ್ಲಿ ಅವನು ನನ್ನ ಅಂಗಡಿಗೆ ಬಂದ.

“ಮಂಜಣ್ಣ, ಮನೇಲಿ ಕೂತ್ರೆ ಆಯಿ ಬೈತದೆ. ನಂಗೂ ಗುಡ್ಡ ಹತ್ಸು.”

“ಸೈಕಲ್ ಬರ್ತದನಾ?”

“ಬೋಟಿನ ಮೇಲೆ ನಿಲ್ಲೂಕೆ ಬರ್ತದೆ. ಸೈಕಲ್ ಎಂತ ದೊಡ್ಡ ವಿಷಯ?”

ಹೇಳಿದ್ದು ಖರೆ. ಅಲೆಗೆ ಹೊಯ್ದಾಡುವ ಬೋಟಿನ ಮೇಲೆ ನಿಂತು ರೂಢಿಯಾದ ಕಾಲು ಅದು. ಇಳಿಜಾರಿನಲ್ಲಿ, ಹಾವಸೆ ಕಲ್ಲಿನ ಮೇಲೆ, ಸೀಟಿನಿಂದ ಎದ್ದು ಮೊಣಕಾಲು ಸಡಿಲ ಬಿಟ್ಟು ಇಳಿದ. ನಾನು ಎರಡು ವರ್ಷ ಬಿದ್ದು ಕಲಿತಿದ್ದನ್ನು ಅವನು ಕಲಿಯಲೇ ಇಲ್ಲ, ತಂದಿದ್ದ. ಏರಿನಲ್ಲಿ ಮಾತ್ರ ಕಷ್ಟ. ಬಲೆ ಎಳೆದ ಬೆನ್ನು, ತೋಳು ಹಗ್ಗದ ಹಾಗಿದ್ದವು, ತೊಡೆಯಲ್ಲಿ ಏರಿನ ರೂಢಿ ಇರಲಿಲ್ಲ. ರೂಢಿ ಬರಲು ಸಮಯ ಬೇಕು. ಮೂರು ಮಳೆಗಾಲ ಬರಲಿ, ಆಮೇಲೆ ನೋಡೋಣ ಅಂತ ನಾನು ಲೆಕ್ಕ ಹಾಕಿದ್ದೆ.

ಎರಡನೇ ಮಳೆಗಾಲಕ್ಕೆ ಸರ್ ಕಣ್ಣಿಗೆ ಅವನು ಬಿದ್ದ. ಜುಲೈ ಕೊನೆಗೆ ಯಾಣದ ಕಡೆ ಒಂದು ರೇಸು ಇತ್ತು. “ಇವನ್ನ ಗೆಲ್ಲಿಸ್ತೆ ನೋಡು” ಅಂದರು. ನಾಗೇಶನಿಗೂ ಗೆಲ್ಲುವ ಆಸೆ. ಆದರೆ ಅದಕ್ಕಿಂತ ದೊಡ್ಡದು ಒಂದಿತ್ತು. ಅದನ್ನು ಅವನು ಸರ್ ಎದುರೇ ಹೇಳಿದ.

“ಸರ್, ಬಂದ್ ಮುಗಿದ ಕೂಡ್ಲೇ ಬೋಟು ಇಳೀತದೆ. ಮೊದಲ ದಿನ ನಾ ಇರ್ಬೇಕು. ಇಲ್ಲದಿದ್ರೆ ತಾಂಡೇಲ ಬೇರೆಯವ್ರನ್ನ ತಕ್ಕಂತಾರೆ.”

ತಾಂಡೇಲ ಅಂದರೆ ಬೋಟು ನಡೆಸುವವರು. ಹುಡುಗರ ತಂಡ ಕಟ್ಟುವವರೂ ಅವರೇ. ಮೊದಲ ದಿನ ಬಾರದವನ ಜಾಗಕ್ಕೆ ಬೇರೆಯವನು ಬಂದರೆ ಇಡೀ ಹಂಗಾಮು ಹೋಯಿತು. ನಾಗೇಶನ ಅಪ್ಪ ಇಲ್ಲ, ಇರುವುದು ಆಯಿ, ಅವನ ಅಮ್ಮ, ಮಾತ್ರ. ಮನೆ ನಡೆಯುವುದು ಆ ಬೋಟಿನಿಂದ.

“ಬೋಟು ಎಲ್ಲೂ ಓಡಿ ಹೋಗೂದಿಲ್ಲ” ಅಂದರು ಸರ್. ಬೋಟಿನ ಕೆಲಸವೇ ಓಡಿ ಹೋಗುವುದು. ಅಷ್ಟೂ ಗೊತ್ತಿಲ್ಲದ ಮನುಷ್ಯ.

ಜೂನಿನಿಂದ ದಿನವೂ ಏರು. ಬಿಡುವಿನ ದಿನ ಇಲ್ಲ. ನಾನು ಹೇಳಿದೆ, ಕೂಗಾಡಿದೆ. ಎಲ್ಲರ ಕೈಗೂ ಎದೆಬಡಿತ ತೋರಿಸುವ ವಾಚು ಬಂತು. ಸರ್ ವಾಚು ನೋಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ನಾಗೇಶನ ಕೆನ್ನೆ ಒಳಗೆ ಹೋಗಿತ್ತು. ಮೀನು ಕೇಳಿದರೆ ಮೊದಲೆಲ್ಲ ಆಯಿ ಹ್ಯಾಗೆ ಹುಳಿ ಹಿಂಡಿತು ಅನ್ನುವವರೆಗೆ ಹೇಳುತ್ತಿದ್ದವನು ಈಗ “ತಾರ್ಲೆ” ಅಂತ ನಿಲ್ಲಿಸುತ್ತಿದ್ದ.

“ಇವ್ನಿಗೆ ನಾಲ್ಕು ದಿನ ರಜೆ ಕೊಡಿ” ಅಂದೆ.

“ನಿಂಗೆ ಎಂತ ಗೊತ್ತುಂಟಾ? ಸುಸ್ತು ಆಗೂದೇ ತಾಲೀಮು.”

ಹೊಸಬರೇ, ಇದನ್ನು ಯಾರಾದರೂ ನಿಮಗೆ ಹೇಳಿದರೆ ಎದ್ದು ಹೋಗಿ. ಸುಸ್ತು ಮಾಡುವುದು ಯಾರಿಗೂ ಬರುತ್ತದೆ. ಸುಸ್ತಾದವನನ್ನು ಮತ್ತೆ ಸರಿ ಮಾಡುವುದು ಕೆಲಸ. ಗಂಜಿ ಉಂಡು, ಉಪ್ಪು ತಿಂದು, ನಿದ್ದೆ ಮಾಡಿದಾಗ ಕಾಲು ಗಟ್ಟಿಯಾಗುತ್ತದೆ. ಏರಿನ ಮೇಲೆ ಆಗುವುದಿಲ್ಲ.

ಆ ದಿನ ಮಳೆ ಬಿಟ್ಟಿತ್ತು. ಜುಲೈಯಲ್ಲಿ ಮಳೆ ಬಿಟ್ಟು ಬಿಸಿಲು ಬಂದರೆ ನೆಲದಿಂದ ಹಬೆ ಏಳುತ್ತದೆ, ಬೆವರು ಆರುವುದೇ ಇಲ್ಲ. ಸಂತೆಗುಳಿ ಕಡೆಯ ಏರು. ಸರ್ ಜೀಪು ನಿಲ್ಲಿಸಿಕೊಂಡು ಬುಡದಲ್ಲಿ ನಿಂತಿದ್ದರು. ಹುಡುಗರು ಹತ್ತಿ ಇಳಿದು ಬರುವುದು, ಸರ್ ಮತ್ತೆ ಕಳಿಸುವುದು. ಚೈನು ತುಂಡಾಗಿ ಹಿಂದೆ ಉಳಿದ ಭಟ್ರು ನನ್ನನ್ನು ಊರೊಳಗೆ ಕರೆಸಿಕೊಂಡಿದ್ದರು. ಅದನ್ನು ಜೋಡಿಸಿ ಕೊಟ್ಟು, ಅವರನ್ನು ಮುಂದೆ ಕಳಿಸಿ, ಸಾಮಾನು ಒರೆಸಿ ಕಟ್ಟಿಕೊಂಡು ನಾನು ಅರ್ಧ ತಾಸು ಬಿಟ್ಟು ಹಿಂದಿನಿಂದ ಹೊರಟೆ. ಏರಿನ ಬುಡದಲ್ಲಿ ಎಂತ ನಡೆಯಿತು ಅನ್ನುವುದನ್ನು ಭಟ್ರು, ಇಮ್ತಿಯಾಜ್, ಇನ್ನೊಬ್ಬ ಹುಡುಗ ಮೂವರೂ ಹೇಳಿದ್ದಾರೆ, ಮೂವರದೂ ಒಂದೇ.

ನಾಗೇಶ ಇಳಿದು ಬಂದ. ಸರ್ ಕೇಳಿದರು, “ಇನ್ನೊಂದ್ಸಲ ಹತ್ತೂದಾ?”

“ಆತು ಸರ್.” ಹತ್ತಿದ.

ಮತ್ತೆ ಬಂದ. “ಇನ್ನೊಂದು?” “ಆತು.” ಹತ್ತಿದ.

ಮತ್ತೆ ಬಂದ. ಸೈಕಲ್ಲಿನ ಹ್ಯಾಂಡಲ್ ಮೇಲೆ ಬಗ್ಗಿ ನಿಂತ. ಸರ್ ಕೇಳಿದರು, “ಕೊನೇದು ಒಂದು?”

“ಆತು” ಅಂದ ನಾಗೇಶ.

ಸರ್ “ಶಾಬಾಸ್” ಅಂತ ಬೆನ್ನು ತಟ್ಟಿ, ಸೀಟು ಹಿಡಿದು ಮುಂದಕ್ಕೆ ತಳ್ಳಿದರು.

ನಮ್ಮ ಕಡೆ ‘ಆತು’ ಅಂದರೆ ಸರಿ, ಮಾಡುತ್ತೇನೆ ಅಂತ. ‘ಆತು’ ಅಂದರೆ ಮುಗಿಯಿತು ಅಂತಲೂ ಹೌದು. ಊಟ ಆತು, ಕೆಲಸ ಆತು, ದೀಪದ ಎಣ್ಣೆ ಆತು. ಇಲ್ಲಿ ಹುಟ್ಟಿದವರಿಗೆ ಯಾವುದು ಯಾವ ಆತು ಅಂತ ದನಿಯಲ್ಲೇ ಗೊತ್ತಾಗುತ್ತದೆ. ಪ್ರಭಾಕರ ಸರ್ ಇಲ್ಲೇ ಹುಟ್ಟಿದವರು. ಅವರಿಗೆ ಕಿವಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಅವರಿಗೆ ಬೇಕಾದ ಆತು ಅವರು ಕೇಳಿಸಿಕೊಂಡರು.

ನಾನು ಬರುವಾಗ ನಾಗೇಶ ಜೀಪಿನ ಚಕ್ರಕ್ಕೆ ಒರಗಿ ಕೂತಿದ್ದ. ಅರ್ಧ ಏರಿನಲ್ಲಿ ಬಿದ್ದವನನ್ನು ಇಮ್ತಿಯಾಜ್ ಹೊತ್ತು ತಂದಿದ್ದ. ತೊಡೆ ಮುಟ್ಟಿದೆ, ಮರದ ಹಾಗಿತ್ತು.

“ನಾಗೇಶ, ಇವತ್ತು ಎಂತ ಮೀನಾ?”

ಬಾಯಿ ತೆರೆದ. ಮಾತು ಬರಲಿಲ್ಲ.

“ಎಳನೀರು ಕುಡ್ಸು, ಸರಿ ಆತದೆ” ಅಂದರು ಸರ್.

“ನೀವು ಒಂದ್ಸಲ ಬಾಯಿ ಮುಚ್ಚಿ” ಅಂದೆ. ಆ ಕ್ಲಬ್ಬಿನಲ್ಲಿ ನಾನು ಹೇಳಿದ ಒಳ್ಳೆಯ ಮಾತು ಅದೊಂದೇ.

ಇಮ್ತಿಯಾಜನ ಕಾರಿನಲ್ಲಿ ಕುಮಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಡ್ರಿಪ್ ಹಾಕಿ, ಮೂತ್ರದ ಬಣ್ಣ ನೋಡುತ್ತ ಇರಿ, ಬದಲಾದರೆ ಒಂದು ಗಳಿಗೆ ತಡ ಮಾಡಬೇಡಿ ಅಂದರು. ಬೆಳಿಗ್ಗೆ ನಾಗೇಶನ ಆಯಿ ಫೋನು ಮಾಡಿತು. “ಮಂಜು, ಇವ್ನ ಉಚ್ಚೆ ಚಾದ ಹಾಂಗೆ ಹೋತ ಉಂಟು. ಕಪ್ಪು ಚಾ. ಎಂತದಾ ಇದು?” ಮತ್ತೆ ಇಮ್ತಿಯಾಜನ ಕಾರು. ಭಟ್ಕಳ ದಾಟಿ ದಕ್ಷಿಣಕ್ಕೆ, ದೊಡ್ಡ ಆಸ್ಪತ್ರೆಗೆ. ದಾರಿಯಲ್ಲಿ ಆಯಿ ಇನ್ನೊಂದು ಹೇಳಿತು. ಹಿಂದಿನ ದಿನದಿಂದ ಅವನಿಗೆ ಜ್ವರ ಇತ್ತು, ಸರ್ ಬೈಯುತ್ತಾರೆ ಅಂತ ಹೇಳಲಿಲ್ಲ.

ಮೈ ಮುರಿಯುವಷ್ಟು ದಣಿದು ಸ್ನಾಯು ಒಡೆದು, ಅದರ ಕಸ ರಕ್ತಕ್ಕೆ ಸೇರಿ, ಮೂತ್ರಪಿಂಡ ಕಟ್ಟಿಕೊಂಡಿದೆ ಅಂದರು ಅಲ್ಲಿಯ ಡಾಕ್ಟರು. ಜ್ವರ, ಸೆಕೆ, ನೀರಿಲ್ಲದ ಮೈ, ಅದರ ಮೇಲೆ ಏರು. ಯಂತ್ರ ಹಚ್ಚಿ ರಕ್ತ ತೊಳೆದರು. ಹೊಸಬರೇ, ಇದನ್ನು ನೆನಪಿಡಿ. ಏರು ಹತ್ತಿದವನ ಮೂತ್ರ ಚಾ ಬಣ್ಣಕ್ಕೆ ತಿರುಗಿದರೆ ಎಳನೀರು ಹುಡುಕಬೇಡಿ, ಗಾಡಿ ಹುಡುಕಿ. ಜ್ವರ ಇದ್ದವನನ್ನು ಸೈಕಲ್ ಮುಟ್ಟಿಸಬೇಡಿ. ಮತ್ತು ಜ್ವರ ಇದೆ ಅಂತ ಹೇಳಲು ಹೆದರುವ ಹಾಗೆ ಯಾವ ಹುಡುಗನನ್ನೂ ಮಾಡಬೇಡಿ.

ಆಸ್ಪತ್ರೆಗೆ ಪ್ರಭಾಕರ ಸರ್ ಬರಲಿಲ್ಲ. ಯಾರದೋ ಕೈಯಲ್ಲಿ ಸೇಬು ಕಳಿಸಿದರು. ನಾನು ಅವರ ಅಂಗಡಿಗೆ ಹೋದೆ. ಭಟ್ರೂ ಅಲ್ಲೇ ಮೊಳೆ ಕೊಳ್ಳುತ್ತ ನಿಂತಿದ್ದರು.

“ನಾ ಎಂತ ಕುತ್ತಿಗೆಗೆ ಹಗ್ಗ ಹಾಕಿ ಹತ್ಸಿದ್ನಾ? ಮೂರ್ ಸಲ ಕೇಳ್ದೆ. ಮೂರ್ ಸಲವೂ ಅವನೇ ಆತು ಅಂದ. ಭಟ್ರ ಎದುರೇ ಅಂದ. ಕೇಳು ಬೇಕಾದ್ರೆ.”

ಭಟ್ರು ಮೊಳೆಯ ಪೊಟ್ಟಣ ಕೆಳಗಿಟ್ಟರು. “ಆತು ಅಂದಿದ್ದು ಖರೆ. ನಂಗೆ ಸುಳ್ಳು ಹೇಳಲೆ ಬತ್ತಿಲ್ಲೆ. ಆದ್ರೆ ಪ್ರಭಾಕರ, ಕೊನೇ ಸಲ ಅಂವ ಅಂದಿದ್ದು ನಿಂಗೆ ಹೇಳಿದ್ದಲ್ಲ ಮಾರಾಯ. ಅಂವ ನೆಲ ನೋಡ್ಕಂಡು ಅಂದಿದ್ದು.”

“ನೆಲಕ್ಕೆ ಹೇಳಿದ್ದು ನಂಗೆ ಹ್ಯಾಂಗೆ ಗೊತ್ತಾಗ್ಬೇಕು?”

“ಮುಖ ನೋಡಿದ್ರೆ ಗೊತ್ತಾಗ್ತಿತ್ತು” ಅಂದೆ. ಕ್ಲಬ್ಬಿನ ಸೈಕಲ್ ಶೆಡ್ಡಿನ ಕೀಲಿ ಅವರ ಗಲ್ಲೆಯ ಮೇಲೆ ಒಗೆದು ಬಂದೆ. ನನ್ನ ನಿವೃತ್ತಿ ಸಮಾರಂಭ ಅಷ್ಟೇ.

ಯಾಣದ ರೇಸು ನಡೆಯಿತು. ಕ್ಲಬ್ಬಿನ ಬೇರೆ ಹುಡುಗನೊಬ್ಬ ಸೈಕಲ್ ಹೊಡೆದ. ಸರ್ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ಹೊಡೆಸಿಕೊಂಡು ಎಲ್ಲರ ಫೋನಿಗೂ ಕಳಿಸಿದರು. ನಾಗೇಶನ ಫೋನಿಗೂ.

ಬಂದ್ ಮುಗಿಯಿತು. ಬೋಟುಗಳಿಗೆ ಹೂ ಕಟ್ಟಿ, ಕಾಯಿ ಒಡೆದು, ಕಡಲಿಗೆ ಇಳಿಸಿದರು. ನಾಗೇಶ ಮನೆಗೆ ಬಂದಿದ್ದ, ಆದರೆ ಗೋಡೆ ಹಿಡಿದು ನಡೆಯುತ್ತಿದ್ದ. ತಾಂಡೇಲರು ಮನೆಗೆ ಬಂದು ಹೇಳಿಯೇ ಹೋದರು. ಅವರದು ತಪ್ಪಲ್ಲ. “ತಮ್ಮಾ, ಬಲೆ ಕಾಯೂದಿಲ್ಲ. ನೀ ಮೊದ್ಲು ಗುಣ ಆಗು.” ಅವನ ಜಾಗಕ್ಕೆ ಕುಂದಾಪುರ ಕಡೆಯ ಹುಡುಗ ಬಂದ. ಆ ಹಂಗಾಮು ಪೂರ್ತಿ ಆಯಿ ಬೇರೆಯವರ ಮೀನು ಒಣಗಿಸುವ ಕೆಲಸಕ್ಕೆ ಹೋಯಿತು. ನಾಗೇಶ ದಡದಲ್ಲಿ ಕೂತು ಹರಿದ ಬಲೆ ಹೊಲಿದ. ನನ್ನನ್ನು ನೋಡಿದರೆ ನಗುತ್ತಿದ್ದ. ಆ ನಗು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಅವನ ಮೇಲಲ್ಲ.

ಚಳಿಗಾಲ ಕಳೆದ ಮೇಲೆ ಡಾಕ್ಟರು ಸಣ್ಣ ಸವಾರಿ ಮಾಡಬಹುದು ಅಂದರು. ನಾನೂ ಅವನೂ ಸಮುದ್ರದ ಬದಿಯ ರಸ್ತೆಯಲ್ಲಿ, ಏರಿಲ್ಲದ ಕಡೆ, ಮುದುಕರ ಹಾಗೆ ಹೋಗುತ್ತಿದ್ದೆವು. ನನ್ನ ಹೆಗಲೂ ಅಷ್ಟೇ ಕೇಳುತ್ತಿತ್ತು. ಮೀನು ಕೇಳುತ್ತಿದ್ದೆ. ಮೊದಮೊದಲು ಒಂದೇ ಮಾತು. ಆಮೇಲೆ ಎರಡು. ಬೇಸಿಗೆ ಮುಗಿಯುವ ಹೊತ್ತಿಗೆ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಒಂದು ನಿಯಮ ಮಾಡಿಕೊಂಡೆವು. ಸೈಕಲ್ ಮೇಲೆ ‘ಆತು’ ಅನ್ನುವ ಹಾಗಿಲ್ಲ. ಹತ್ತುತ್ತೇನೆ ಅನ್ನಬೇಕು, ಇಲ್ಲ ಇಮ್ತಿಯಾಜನ ‘ಬಸ್’ ಅನ್ನಬೇಕು. ಮರೆತು ಆತು ಅಂದರೆ “ಎಂತ ಆತು?” ಅಂತ ಕೇಳುವುದು. ಅವನೂ ನನಗೆ ಕೇಳುತ್ತಿದ್ದ. ಮಾತು ಮಾತಿಗೂ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ನಾಗೇಶ ರೇಸು ಬಿಟ್ಟ. ಇನ್ನು ಅಷ್ಟು ಜೋರು ಬೇಡ ಅಂದಿದ್ದರು ಡಾಕ್ಟರು. ಪ್ರಭಾಕರ ಸರ್ ಈಗಲೂ ಅದೇ ಏರಿನ ಬುಡದಲ್ಲಿ ಸೀಟಿ ಹಿಡಿದು ನಿಲ್ಲುತ್ತಾರೆ. ಅವರ ಹತ್ತಿರ ಹೋಗುವ ಹುಡುಗರಿಗೆ ಅಂಗಡಿಯಲ್ಲಿ ಚೈನಿಗೆ ಎಣ್ಣೆ ಬಿಡುವಾಗ ಇದನ್ನೆಲ್ಲ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಉಳಿದವರು ಫೋನು ನೋಡುತ್ತಾರೆ.

ಮರುವರ್ಷ ಬಂದ್ ಮುಗಿಯುವ ಮೊದಲು ನಾಗೇಶನೂ ನಾನೂ ಬೋಟು ಕಟ್ಟುವ ಧಕ್ಕೆಯಲ್ಲಿ ನಿಂತಿದ್ದೆವು. ತಾಂಡೇಲರು ಬೋಟಿನ ಮೇಲಿಂದ ಬಣ್ಣದ ಡಬ್ಬಿ ಹಿಡಿದುಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಮುಖವನ್ನೂ ನೋಡಿದರು.

“ಎಂತ ತಮ್ಮಾ, ಈ ಸಲ ಬತ್ಯನಾ?”

“ಆತು” ಅಂದ ನಾಗೇಶ.

ನನಗೆ ತಡೆಯಲಾಗಲಿಲ್ಲ. “ಎಂತ ಆತು?” ಅಂತ ಕೂಗಿಯೇಬಿಟ್ಟೆ. ತಾಂಡೇಲರು ನನ್ನನ್ನು ಹುಚ್ಚನೋ ಎಂಬಂತೆ ನೋಡಿದರು.

ನಾಗೇಶ ತಿರುಗಿ ನಿಂತು, ಒಂದೇ ಉಸಿರಿನಲ್ಲಿ, ಇಡೀ ಧಕ್ಕೆಗೆ ಕೇಳುವ ಹಾಗೆ ಹೇಳಿದ: “ನಾ ಬತ್ತೆ, ಮೊದ್ಲ ದಿನವೇ ಬತ್ತೆ, ಬಲೆ ಎಳೀತೆ, ನಿಂಗೆ ಒಂದು ದೊಡ್ಡ ಇಸ್ವಾಣ ತಂದು ಕೊಡ್ತೆ, ಅದ್ರ ತಲೆ ಮಾತ್ರ ಆಯಿಗೆ ಇಡ್ತೆ, ನೀ ಅದನ್ನ ಭಟ್ರ ಮನೇಲಿ ಒಂದೆಲಗದ ಜೊತಿಗೆ ಬೇಯ್ಸ್ಕಂಡು ತಿನ್ನು. ಸಾಕನಾ ಮಂಜಣ್ಣ?”

“ಬಸ್” ಅಂದೆ.